ಮನೆಮಂದಿಯೆಲ್ಲ ಅರಬಿ ಕಲಿಯುವುದು: ಉಸ್ತಾದರೋ, ಕಾಯ್ದಾವೋ, ಮದೀನಾ ಪುಸ್ತಕವೋ, ಮೊಬೈಲೋ?

ವಿಜಯಪುರದ ಮೂರು ಮನೆಗಳಲ್ಲಿ ‘ಅರಬಿ ಕಲೀಬೇಕ್ರೀ’ ಅಂದರೆ ಮೂರು ಬೇರೆ ಮಾತು. ಒಂದು ಮನೆಯಲ್ಲಿ ಮಕ್ಕಳು ಕುರ್‌ಆನನ್ನು ನೋಡಿ ತಪ್ಪಿಲ್ಲದೆ ಓದಬೇಕು, ಅಂದರೆ ನಾಜಿರಾ. ಇನ್ನೊಂದು ಮನೆಯಲ್ಲಿ ನಾಜಿರಾ ಎಂದೋ ಮುಗಿದಿದೆ, ಇಷ್ಟು ವರ್ಷ ಓದಿದ್ದರ ಅರ್ಥ ತಿಳಿಯಬೇಕು. ಮೂರನೆಯ ಮನೆಯ ಯಜಮಾನರು ಸೌದಿಯ ದಮ್ಮಾಮಿನಲ್ಲಿದ್ದಾರೆ. ವೀಸಾ ಆದರೆ ಹೆಂಡತಿ ಮಕ್ಕಳೂ ಹೋಗುವವರು, ಅಲ್ಲಿ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ನಾಲ್ಕು ಮಾತು ಬಾಯಿಗೆ ಬರಬೇಕು. ಮೂವರೂ ಒಂದೇ ಪುಸ್ತಕ ತಂದರೆ ಇಬ್ಬರ ಪುಸ್ತಕ ಎರಡನೇ ತಿಂಗಳಿಗೆ ಕಪಾಟು ಸೇರುತ್ತದೆ. ಪುಸ್ತಕದ ತಪ್ಪಲ್ಲ ಅದು.

ಯಾವ ಅರಬಿ?

ನಾಜಿರಾಕ್ಕೆ ಬೇಕಾದದ್ದು ಕಣ್ಣು, ಕಿವಿ, ನಾಲಿಗೆ. ವ್ಯಾಕರಣ ಬೇಡ. ದಿನಕ್ಕೆ 20 ನಿಮಿಷ ಕೂತರೆ ಏಳೆಂಟು ವರ್ಷದ ಮಗು ಆರರಿಂದ ಒಂಬತ್ತು ತಿಂಗಳಲ್ಲಿ ಕಾಯ್ದಾ, ಅಂದರೆ ಅಕ್ಷರ ಕೂಡಿಸಿ ಓದಲು ಕಲಿಸುವ ಮೊದಲ ಪುಸ್ತಕ, ಮುಗಿಸುತ್ತದೆ.

ಅರ್ಥಕ್ಕೆ ಬೇಕಾದದ್ದು ಫುಸ್‌ಹಾ, ಬರಹದ ಅರಬಿ. ಕುರ್‌ಆನಿನದೂ ಇದೇ ಕುಲ. ಇಂದಿನ ಪತ್ರಿಕೆ, ವಾರ್ತೆ, ಸರಕಾರಿ ಕಾಗದಗಳದೂ ಇದರ ಹೊಸ ರೂಪವೇ.

ಗಲ್ಫಿನ ಬೀದಿಯ ಮಾತು ಬೇರೆ. ‘ಹೇಗಿದ್ದೀ’ ಎಂಬುದು ಫುಸ್‌ಹಾದಲ್ಲಿ ‘ಕೈಫ ಹಾಲುಕ’, ಗಲ್ಫಿನಲ್ಲಿ ‘ಶ್ಲೋನಕ್’. ‘ನಿನ್ನ ಬಣ್ಣ ಏನು’ ಎಂದು ಅದರ ಮೂಲಾರ್ಥ. ‘ಈಗ’ ಎಂಬುದು ಪುಸ್ತಕದಲ್ಲಿ ‘ಅಲ್ ಆನ್’, ಬೀದಿಯಲ್ಲಿ ‘ಅಲ್ ಹೀನ್’. ಬರಹದ ‘ಕಹ್ವಾ’ ಬಾಯಲ್ಲಿ ‘ಗಹ್ವಾ’ ಆಗುತ್ತದೆ. ಗಲ್ಫಿಗೆ ಹೊರಟವರು ವ್ಯಾಕರಣದ ಪುಸ್ತಕ ಹಿಡಿದು ಕೂರಬೇಕಿಲ್ಲ. ಅಲ್ಲಿರುವವರಿಂದ ದಿನಕ್ಕೆ ಎರಡು ವಾಕ್ಯ ಧ್ವನಿ ಸಂದೇಶದಲ್ಲಿ ತರಿಸಿಕೊಂಡು ಮೂರು ತಿಂಗಳಲ್ಲಿ 150 ವಾಕ್ಯ ಬಾಯಿಪಾಠ ಮಾಡಿದರೆ ಸಾಕು. ಜೊತೆಗೆ ಅಕ್ಷರವನ್ನೂ ಅಂಕಿಯನ್ನೂ ಕಲಿಯಲೇಬೇಕು, ಯಾಕೆಂದರೆ ಫಲಕ, ಬಿಲ್ಲು, ಔಷಧದ ಚೀಟಿ ಯಾವುದೂ ಬೀದಿಯ ಮಾತಿನಲ್ಲಿರುವುದಿಲ್ಲ. ಅಂಕಿಯಲ್ಲಿ ಒಂದು ಮೋಸ ಇದೆ: ಅರಬಿಯ 5 ನಮ್ಮ ಸೊನ್ನೆಯ ಹಾಗೆ ದುಂಡಗಿರುತ್ತದೆ, ಅವರ ಸೊನ್ನೆ ಬರೀ ಒಂದು ಚುಕ್ಕೆ.

ಏನು ಬೇಕೆಂದು ಮನೆಯಲ್ಲಿ ಒಮ್ಮತವಾಗದಿದ್ದರೆ ಫುಸ್‌ಹಾ ಹಿಡಿಯಿರಿ. ಅದರಿಂದ ಉಳಿದೆರಡರ ಕಡೆಗೆ ಹೋಗುವುದು ಸುಲಭ, ಬೀದಿಯ ಮಾತಿನಿಂದ ಫುಸ್‌ಹಾಕ್ಕೆ ಬರುವುದು ಕಷ್ಟ.

ಉರ್ದು ಬಲ್ಲ ಮನೆ, ಕನ್ನಡದ ಮನೆ

ಮಕ್ಕಳು ಉರ್ದು ಶಾಲೆಗೆ ಹೋಗುವ ಮನೆಯಲ್ಲಿ ಲಿಪಿಯ ಕೆಲಸ ಮುಕ್ಕಾಲು ಮುಗಿದಿರುತ್ತದೆ. ಅದೇ ಮನೆಯಲ್ಲಿ ಉಚ್ಚಾರಣೆಯ ಕೆಲಸ ಇಮ್ಮಡಿ. ಉರ್ದುವಿನಲ್ಲಿ ಸೇ, ಸೀನ್, ಸ್ವಾದ್ ಮೂರಕ್ಕೂ ಒಂದೇ ‘ಸ’. ಜಾಲ್, ಜೇ, ಜ್ವಾದ್, ಜೋಯ್ ನಾಲ್ಕಕ್ಕೂ ಒಂದೇ ದನಿ. ಅರಬಿಯಲ್ಲಿ ಒಂದೊಂದೂ ಬೇರೆ. ಹತ್ತು ವರ್ಷ ಹೀಗೆ ಓದಿ ರೂಢಿಯಾದ ನಾಲಿಗೆಯನ್ನು ತಿದ್ದುವುದಕ್ಕಿಂತ ಏನೂ ಬಾರದ ನಾಲಿಗೆಗೆ ಕಲಿಸುವುದೇ ಹಗುರ. ಪದಗಳ ಅರ್ಥದಲ್ಲೂ ಜಾರುಬಂಡೆಗಳಿವೆ: ‘ಗರೀಬ್’ ಅಂದರೆ ಅರಬಿಯಲ್ಲಿ ಬಡವನಲ್ಲ, ಅಪರಿಚಿತ, ‘ಜುಲೂಸ್’ ಅಂದರೆ ಮೆರವಣಿಗೆಯಲ್ಲ, ಕುಳಿತುಕೊಳ್ಳುವುದು.

ನಮ್ಮ ಕಡೆ ನದಾಫರ, ಪಿಂಜಾರರ ಎಷ್ಟೋ ಮನೆಗಳಲ್ಲಿ ಮನೆಮಾತೇ ಕನ್ನಡ. ಅಲ್ಲಿನ ಮಗುವಿಗೆ ಉಸ್ತಾದರು ‘ಬಾ ಜಬರ್ ಬ, ಬಾ ಜೇರ್ ಬಿ, ಬಾ ಪೇಶ್ ಬು’ ಎಂದು ಅಕ್ಷರ ಬಿಡಿಸಿ ಹಿಜ್ಜೆ ಹೇಳಿಸುವಾಗ ಜಬರ್, ಜೇರ್ ಅಂದರೆ ಏನೆಂದೇ ಗೊತ್ತಿರುವುದಿಲ್ಲ, ಗಿಣಿಪಾಠವಾಗುತ್ತದೆ. ಮನೆಯಲ್ಲಿ ಕಾಗುಣಿತದ ದಾರಿಯಿಂದ ಹೇಳಿಕೊಟ್ಟರೆ ಒಂದೇ ಸಂಜೆಯ ಕೆಲಸ. ಜಬರ್ ಹಾಕಿದರೆ ಬ, ಜೇರ್ ಹಾಕಿದರೆ ಬಿ, ಪೇಶ್ ಹಾಕಿದರೆ ಬು. ಮುಂದೆ ಅಲಿಫ್, ಯಾ, ವಾವ್ ಬಂದರೆ ಬಾ, ಬೀ, ಬೂ. ಜಜಮ್ ಅಂದರೆ ಬ್, ತಶ್ದೀದ್ ಅಂದರೆ ಬ್ಬ. ಬೈ, ಬೌ ಕೂಡ ಇವೆ. ಎ, ಏ, ಒ, ಓ ಫುಸ್‌ಹಾದಲ್ಲಿ ಇಲ್ಲ, ಬಿಟ್ಟುಬಿಡಿ. ಹ್ರಸ್ವ ದೀರ್ಘ, ಒತ್ತಕ್ಷರ ಎರಡನ್ನೂ ಒಂದನೇ ತರಗತಿಯಿಂದ ಬರೆದ ಮಕ್ಕಳಿಗೆ ಇದು ಹೊಸ ಲೆಕ್ಕವೇ ಅಲ್ಲ.

ಹಾಗೆಂದು ಅರಬಿಯನ್ನೇ ಕನ್ನಡ ಲಿಪಿಯಲ್ಲಿ ಬರೆದುಕೊಂಡು ಓದಬಹುದೇ? ಗಲ್ಫಿನ ವಾಕ್ಯಗಳಿಗೆ ಪರವಾಗಿಲ್ಲ. ಕುರ್‌ಆನಿಗೆ, ಫುಸ್‌ಹಾಕ್ಕೆ ಬೇಡ. ಕನ್ನಡದಲ್ಲಿ ‘ಕಲ್ಬ್’ ಎಂದು ಬರೆದರೆ ಅದು ದೊಡ್ಡ ಕಾಫಿನ ಹೃದಯವೂ ಆಗಬಹುದು, ಚಿಕ್ಕ ಕಾಫಿನ ನಾಯಿಯೂ ಆಗಬಹುದು. ‘ಸೈಫ್’ ಸೀನಿನಿಂದ ಖಡ್ಗ, ಸ್ವಾದಿನಿಂದ ಬೇಸಿಗೆ (ನಮ್ಮೂರಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ ಎನ್ನಿ). ‘ಅಲೀಮ್’ ಐನಿನಿಂದ ಎಲ್ಲವನ್ನೂ ಬಲ್ಲವನು, ಅಲಿಫಿನಿಂದ ನೋವು ಕೊಡುವಂಥದ್ದು. ಈ ಕಾರಣಕ್ಕೇ ಕೆಳಗೆ ನಾವು ಕನ್ನಡದಲ್ಲಿ ಬರೆದ ಅರಬಿ ಪದಗಳನ್ನು ಒಮ್ಮೆ ಅರಬಿ ಲಿಪಿಯಲ್ಲಿ ನೋಡಿಕೊಂಡೇ ಬಳಸಿ.

ಉಸ್ತಾದರ ಆಯ್ಕೆ

ಓದುವ ಕಲಿಕೆಗೆ ತಿದ್ದುವ ಕಿವಿ ಒಂದು ಇರಲೇಬೇಕು. ಆ ಕಿವಿ ಎಲ್ಲಿಂದ ತರುವುದು ಎಂಬುದಷ್ಟೇ ಆಯ್ಕೆ: ಮಸೀದಿಯ ಮಕ್ತಬ್ (ಮಕ್ಕಳ ಪಾಠಶಾಲೆ), ಮನೆಗೆ ಬರುವ ಹಾಫಿಜರು (ಕುರ್‌ಆನ್ ಬಾಯಿಪಾಠ ಇರುವವರು) ಅಥವಾ ಆಲಿಮಾ ಆಪಾ (ಧರ್ಮಪಾಠ ಓದಿದ ಅಕ್ಕ), ಇಲ್ಲವೇ ಆನ್‌ಲೈನ್.

ಮಕ್ತಬಿನಲ್ಲಿ ಖರ್ಚು ಕಡಿಮೆ, ಶಿಸ್ತು ಚೆನ್ನಾಗಿರುತ್ತದೆ, ಆದರೆ 30 ಮಕ್ಕಳಿದ್ದ ಕಡೆ ಒಂದು ಗಂಟೆಯಲ್ಲಿ ನಿಮ್ಮ ಮಗುವಿನ ಪಾಲಿಗೆ ಬರುವುದು ಎರಡು ನಿಮಿಷ. ಉಳಿದ ಹೊತ್ತು ಎಲ್ಲರ ಜೊತೆ ಕೂಗುವುದು. ಸಾಮೂಹಿಕವಾಗಿ ಕೂಗುವಾಗ ಒಬ್ಬರ ತಪ್ಪು ಇನ್ನೊಬ್ಬರ ದನಿಯಲ್ಲಿ ಮುಚ್ಚಿಹೋಗುತ್ತದೆ. ಮಕ್ತಬಿಗೆ ಕಳಿಸುವವರು ಮನೆಯಲ್ಲಿ ದಿನಾ ಹತ್ತು ನಿಮಿಷ ಒಂಟಿಯಾಗಿ ಓದಿಸಿ ಕೇಳದಿದ್ದರೆ ಪ್ರಯೋಜನ ಅರ್ಧ.

ಮನೆಗೆ ಬರುವವರನ್ನು ಗೊತ್ತು ಮಾಡುವ ಮೊದಲು ಮನೆಯ ದೊಡ್ಡವರೊಬ್ಬರು ಅವರೆದುರು ಕುರ್‌ಆನಿನ ಮೊದಲ ಅಧ್ಯಾಯ ಫಾತಿಹಾ ಓದಿ. ಎಲ್ಲ ಸರಿ ಎಂದರೆ ಅನುಮಾನಪಡಿ. ನಮ್ಮ ಬಾಯಿಯಲ್ಲಿ ‘ಅಲ್‌ಹಮ್ದು’ವಿನ ಹಾ, ‘ಆಲಮೀನ್’ನ ಐನ್, ‘ಸಿರಾತ್’ನ ಸ್ವಾದ್ ಮತ್ತು ತೋಯ್, ‘ದಾಲ್ಲೀನ್’ನ ದ್ವಾದ್ (ಉರ್ದುವಿನ ಜ್ವಾದ್) ಒಂದಲ್ಲ ಒಂದು ತಪ್ಪಿಯೇ ತಪ್ಪುತ್ತದೆ. ಮೂರು ನಾಲ್ಕು ಕಡೆ ನಿಲ್ಲಿಸಿ ತಿದ್ದಿದವರು ಒಳ್ಳೆಯವರು. ಗಂಟೆಯ ಲೆಕ್ಕಕ್ಕಿಂತ ಮಗುವಿಗೆ 15 ನಿಮಿಷದಂತೆ ವಾರಕ್ಕೆ ನಾಲ್ಕು ದಿನ ಎಂದು ಮಾತಾಡಿಕೊಳ್ಳಿ. ಒಂದು ತಿಂಗಳು ನೋಡಿ ಮುಂದುವರಿಸುವುದಾಗಿ ಮೊದಲೇ ಹೇಳಿಬಿಟ್ಟರೆ ಇಬ್ಬರಿಗೂ ಮುಜುಗರವಿಲ್ಲ.

ಆನ್‌ಲೈನ್ ಪಾಠದ ಲಾಭವೆಂದರೆ ತಾಯಂದಿರಿಗೆ ಮಹಿಳಾ ಶಿಕ್ಷಕಿ, ಬೇಕಾದ ಸಮಯ ಸಿಗುತ್ತದೆ. ಕೆಡುವುದು ಸಣ್ಣ ಸಂಗತಿಗಳಿಂದ. ಮೂವರು ಮಕ್ಕಳನ್ನು ಒಂದು ಫೋನಿನ ಮುಂದೆ ಕೂರಿಸಿದರೆ ನಡುವಿನವನಷ್ಟೇ ಕಾಣುತ್ತಾನೆ. ದನಿ ಅರೆಕ್ಷಣ ತಡವಾಗಿ ಹೋಗುವುದರಿಂದ ಜೊತೆಯಾಗಿ ಓದುವುದು ಆಗದು, ಸರದಿಯ ಪ್ರಕಾರವೇ ಓದಬೇಕು. ಫೋನನ್ನು ಬಾಯಿಯ ಎತ್ತರಕ್ಕೆ ನಿಲ್ಲಿಸಿ, ಮೈಕ್ ಇರುವ ಇಯರ್‌ಫೋನ್ ಹಾಕಿ. ಮಗುವಿನ ಬೆರಳು ಪರದೆಯ ಮೇಲಲ್ಲ, ಅಚ್ಚಾದ ಕಾಯ್ದಾದ ಮೇಲಿರಲಿ. ತಪ್ಪಿದ ತರಗತಿ ಮುಂದಕ್ಕೆ ಹೋಗುತ್ತದೋ ಮುಳುಗುತ್ತದೋ ಎಂಬುದನ್ನು ದುಡ್ಡು ಕಟ್ಟುವ ಮೊದಲೇ ಕೇಳಿ.

ಹಣದ ಅನುಕೂಲ ಕಡಿಮೆಯಿದ್ದರೆ ಉಸ್ತಾದರು ವಾರಕ್ಕೆ ಎರಡೇ ದಿನ ಬರಲಿ, ಉಳಿದ ದಿನ ಈಜಿಪ್ಟಿನ ಕಾರಿ (ಕುರ್‌ಆನ್ ಪಠಿಸುವವರು) ಮಹಮೂದ್ ಖಲೀಲ್ ಅಲ್ ಹುಸರೀ (1917–1980) ಅವರ ನಿಧಾನ ಪಠಣ ಹಾಕಿ, ಒಂದು ಆಯತ್ (ವಚನ) ಕೇಳಿ, ನಿಲ್ಲಿಸಿ, ಹೇಳಿ. ಮಕ್ಕಳಿಗೆ ರಾಗ ಹೆಚ್ಚಿರುವ ಪಠಣ ಇಷ್ಟವಾಗುತ್ತದೆ. ಕಲಿಯುವ ಕಾಲದಲ್ಲಿ ಅದು ಬೇಡ, ರಾಗ ಹಿಡಿದು ಅಕ್ಷರ ಬಿಡುತ್ತಾರೆ.

ಒಂದು ಕೈಗನ್ನಡಿ ಹತ್ತಿರ ಇಟ್ಟುಕೊಳ್ಳಿ. ಸಾ (ಮೂರು ಚುಕ್ಕೆಯದು, ಉರ್ದುವಿನ ಸೇ), ಜಾಲ್, ಜೋಯ್ ಈ ಮೂರು ಹೇಳುವಾಗ ನಾಲಿಗೆಯ ತುದಿ ಹಲ್ಲುಗಳ ನಡುವೆ ಕನ್ನಡಿಯಲ್ಲಿ ಕಾಣಬೇಕು. ಸೀನ್, ಸ್ವಾದ್, ಜೇ ಹೇಳುವಾಗ ಕಾಣಬಾರದು. ವಾವ್‌ಗೆ ಎರಡೂ ತುಟಿ ದುಂಡಾಗಬೇಕು, ಕನ್ನಡದ ‘ವ’ದಂತೆ ಕೆಳತುಟಿ ಹಲ್ಲಿಗೆ ತಾಗಿದರೆ ತಪ್ಪು. ತೋಯ್ ಹೇಳಲು ನಮ್ಮವರು ತಕ್ಷಣ ‘ಟ’ ಹಿಡಿಯುತ್ತಾರೆ. ಅದಲ್ಲ. ನಾಲಿಗೆಯ ತುದಿ ‘ತ’ದ ಜಾಗದಲ್ಲೇ, ಮೇಲಿನ ಹಲ್ಲಿನ ಬುಡದಲ್ಲಿರಬೇಕು, ಹಿಂಭಾಗ ಮೇಲೆದ್ದು ದನಿ ಭಾರವಾಗಬೇಕು. ಹಾ ಬರದವರಿಗೆ ಕನ್ನಡಕದ ಗಾಜು ಒರೆಸುವ ಮುಂಚೆ ಊದುವ ಉಸಿರನ್ನು ನೆನಪಿಸಿ. ಅಜ್ಜಿಯವರ ಓದಿನಲ್ಲೂ ಈ ತಪ್ಪುಗಳಿರುತ್ತವೆ. ಮೊಮ್ಮಕ್ಕಳೆದುರು ತಿದ್ದಲು ಹೋಗಬೇಡಿ, ಮರುದಿನದಿಂದ ಅವರು ಕೂರುವುದೇ ಇಲ್ಲ.

ಕಾಯ್ದಾ, ಮದೀನಾ ಪುಸ್ತಕ

ಕಾಯ್ದಾ ಅಂದರೆ ನಮ್ಮ ‘ಕಾಯ್ದೆ’ಯೇ, ನಿಯಮ ಎಂದರ್ಥ. ಇಲ್ಲಿ ಹೆಚ್ಚು ಬಳಕೆಯಲ್ಲಿರುವ ನೂರಾನೀ ಕಾಯ್ದಾದಲ್ಲಿ 17 ತಖ್ತಿಗಳಿವೆ, ಅಂದರೆ ಪಾಠಗಳು. ಮೊದಲನೆಯದು ಬಿಡಿ ಅಕ್ಷರ. ಮಕ್ಕಳು ಸಿಕ್ಕಿಹಾಕಿಕೊಳ್ಳುವುದು ಎರಡನೆಯದರಲ್ಲಿ, ಅಕ್ಷರಗಳು ಕೂಡಿ ಆಕಾರ ಬದಲಿಸುವ ಕಡೆ. ಅಲ್ಲಿ ಅವಸರ ಮಾಡಿದ ಮನೆಗಳು ಒಂಬತ್ತನೇ ತಖ್ತಿಯಿಂದ ವಾಪಸು ಬರುತ್ತವೆ. ಒಂದು ಉಪಾಯ: ಒಂದು ಸಣ್ಣ ಹಲ್ಲು ಬರೆದು, ಅದರ ಮೇಲೆ ಕೆಳಗೆ ಚುಕ್ಕೆ ಬದಲಿಸುತ್ತಾ ಹೋಗಿ. ಕೆಳಗೆ ಒಂದು ಚುಕ್ಕೆ ಬಾ, ಕೆಳಗೆ ಎರಡು ಯಾ, ಮೇಲೆ ಒಂದು ನೂನ್, ಎರಡು ತಾ, ಮೂರು ಸಾ. ಪದದ ನಡುವೆ ಐದೂ ಅದೇ ಹಲ್ಲು. ಇನ್ನು ಅಲಿಫ್, ದಾಲ್, ಜಾಲ್, ರಾ, ಜೇ, ವಾವ್ ಈ ಆರು ಮುಂದಿನ ಅಕ್ಷರಕ್ಕೆ ಕೈಕೊಡುವುದಿಲ್ಲ; ಇದೊಂದು ಬಾಯಿಪಾಠವಾದರೆ ಬರವಣಿಗೆಯ ತಪ್ಪು ಅರ್ಧ ಇಳಿಯುತ್ತದೆ. ಪದದ ಮೈ ಪೂರ್ತಿ ಬರೆದ ಮೇಲೆಯೇ ಚುಕ್ಕೆ ಇಡಿಸಿ.

ಮುಸ್‌ಹಫ್ (ಕುರ್‌ಆನಿನ ಪ್ರತಿ) ಕೂಡ ಒಂದೇ ಬಗೆಯದು ಇರಲಿ. ನಮ್ಮ ಮನೆಗಳಲ್ಲಿರುವುದು ಹಿಂದೂಸ್ತಾನಿ ಅಚ್ಚು, ಆ್ಯಪ್‌ಗಳಲ್ಲಿ ಬರುವುದು ಹೆಚ್ಚಾಗಿ ಮದೀನಾ ಅಚ್ಚು. ಜಜಮಿನ ಗುರುತು, ನಿಲ್ಲುವ ಗುರುತು ಬೇರೆ. ನಮ್ಮ ಅಚ್ಚಿನಲ್ಲಿ ಎದ್ದು ಕಾಣುವ ಕೆಲವು ಚಿಹ್ನೆ ಅದರಲ್ಲಿ ಇರುವುದೇ ಇಲ್ಲ. ನಿನ್ನೆ ಸಲೀಸಾಗಿ ಓದಿದ ಮಗು ಇವತ್ತು ಫೋನಿನಲ್ಲಿ ತಡವರಿಸಿದರೆ ದಡ್ಡತನವಲ್ಲ, ಅಚ್ಚು ಬದಲಾಗಿದೆ.

ಅರ್ಥದ ಕಲಿಕೆಗೆ ನಾವು ಮೊದಲು ಹೇಳುವುದು ಮದೀನಾ ಪುಸ್ತಕ. ಇದನ್ನು ಮದೀನಾದ ಇಸ್ಲಾಮಿಕ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ ಡಾ. ವಿ. ಅಬ್ದುರ್ರಹೀಮ್ ರಚಿಸಿದರು, ಹುಟ್ಟೂರು ತಮಿಳುನಾಡಿನ ವಾಣಿಯಂಬಾಡಿ. ಮೂರು ಭಾಗ, ಮೊದಲ ಭಾಗದಲ್ಲಿ 23 ಪಾಠ. ಮೊದಲ ವಾಕ್ಯ ‘ಹಾದಾ ಬೈತುನ್’, ಅಂದರೆ ‘ಇದು ಮನೆ’. ಇಂಗ್ಲಿಷಿನ ಕೈಪಿಡಿಗಳು ನಡುವೆ ಕ್ರಿಯಾಪದ ಯಾಕಿಲ್ಲ ಎಂದು ವಿವರಿಸಲು ಶ್ರಮಪಡುತ್ತವೆ. ಕನ್ನಡದಲ್ಲೂ ‘ಇದು ಮನೆ’ಯಷ್ಟೇ, ವಿವರಣೆಯೇ ಬೇಕಿಲ್ಲ.

ಇನ್ನೂ ಒಂದು ಅನುಕೂಲವಿದೆ. ಶಾಲೆಯಲ್ಲಿ ಪ್ರಥಮಾ ವಿಭಕ್ತಿಯ ಪ್ರತ್ಯಯ ‘ಉ’ ಎಂದು ಕಲಿಸುತ್ತಾರಲ್ಲ, ಅರಬಿಯ ಪ್ರಥಮೆಗೂ ‘ಉ’ವೇ: ಅಲ್‌ಬೈತು. ಕರ್ಮವಾದರೆ ಅಲ್‌ಬೈತ, ‘ಫೀ’ (ಒಳಗೆ, ಅಲ್ಲಿ) ಎಂಬಂಥ ಪದ ಆದಮೇಲೆ ಬಂದರೆ ಫಿಲ್‌ಬೈತಿ. ಒಟ್ಟು ಮೂರೇ. ತೊಂದರೆಯೂ ಇಲ್ಲೇ ಹುಟ್ಟುತ್ತದೆ: ಎಲ್ಲ ಪದಕ್ಕೂ ಉಕಾರ ಹಚ್ಚುವ ಕನ್ನಡದ ಚಾಳಿಯಿಂದ ‘ಫಿಲ್‌ಬೈತು’ ಎನ್ನುತ್ತೇವೆ. ನಾಲ್ಕನೇ ಪಾಠದಲ್ಲಿ ಇದನ್ನು ಹಿಡಿಯದಿದ್ದರೆ ಮುಂದೆ ಬೇರೂರುತ್ತದೆ. ಐದನೇ ಪಾಠದ ‘ಕಿತಾಬು ಮುಹಮ್ಮದಿನ್’ (ಮುಹಮ್ಮದನ ಪುಸ್ತಕ) ನಮ್ಮ ಕ್ರಮಕ್ಕೆ ತಿರುಗುಮುರುಗು. ಮೊದಲ ಪದಕ್ಕೆ ‘ಅಲ್’ ಸೇರಿಸುವುದು ಎಲ್ಲರೂ ಮಾಡುವ ತಪ್ಪು. ಮೂರು, ಐದನೇ ಪಾಠಕ್ಕೆ ಎರಡೆರಡು ವಾರ, ಉಳಿದವಕ್ಕೆ ಒಂದೊಂದು ವಾರ. ರಂಜಾನ್, ಪರೀಕ್ಷೆ ಎಲ್ಲ ಕಳೆದು ಮೊದಲ ಭಾಗಕ್ಕೆ ಎಂಟು ತಿಂಗಳು ಹಿಡಿಯುತ್ತದೆ.

ಅಪ್ಪ ಅಥವಾ ಅವ್ವ ಒಂದು ಪಾಠ ಮುಂದಿದ್ದರೆ ಸಾಕು, ಪಂಡಿತರಾಗಬೇಕಿಲ್ಲ. ಪಿಡಿಎಫ್ ತೆಗೆಸುವವರು ಜೆರಾಕ್ಸ್ ಅಂಗಡಿಯವರಿಗೆ ಸ್ಪೈರಲ್ ಬೈಂಡಿಂಗನ್ನು ಬಲಗಡೆ ಹಾಕಲು ಎರಡು ಸಲ ಹೇಳಿ. ಎಡಗಡೆ ಹಾಕಿ ಕೊಟ್ಟರೆ ಪುಸ್ತಕ ಹಿಂದುಮುಂದಾಗಿ ತೆರೆಯುತ್ತದೆ, ಮಕ್ಕಳು ಪುಟ ಹುಡುಕುವುದರಲ್ಲೇ ಇರುತ್ತಾರೆ.

ಪ್ರಮಾಣಪತ್ರವೂ ಬೇಕಿದ್ದರೆ ದಾರಿ ಬೇರೆ: ಎಸ್ಸೆಸ್ಸೆಲ್ಸಿಯಲ್ಲಿ ತೃತೀಯ ಭಾಷೆಯಾಗಿ ಅರಬಿ ತೆಗೆದುಕೊಳ್ಳಬಹುದು, ದೊಡ್ಡವರಿಗೆ ರಾಷ್ಟ್ರೀಯ ಉರ್ದು ಭಾಷಾ ಅಭಿವೃದ್ಧಿ ಮಂಡಳಿಯ ಅರಬಿ ಕೋರ್ಸುಗಳಿವೆ.

ಮೊಬೈಲು

ಡ್ಯುಯೊಲಿಂಗೊ 2019ರಲ್ಲಿ ಅರಬಿ ಶುರು ಮಾಡಿತು. ಕನ್ನಡದ ಮೂಲಕ ಕಲಿಯುವ ಸೌಲಭ್ಯ ಅದರಲ್ಲಿಲ್ಲ, ಇಂಗ್ಲಿಷ್ ಮೂಲಕ ಹೋಗಬೇಕು. ಕನ್ನಡ ಶಾಲೆಯ ಐದನೇ ತರಗತಿ ಮಗು ಅರಬಿಯಲ್ಲಲ್ಲ, ಇಂಗ್ಲಿಷಿನಲ್ಲಿ ತಪ್ಪುತ್ತದೆ. ತಜ್ವೀದು, ಅಂದರೆ ಕುರ್‌ಆನ್ ಓದುವ ಉಚ್ಚಾರಣೆಯ ನಿಯಮ, ಇಲ್ಲ. ಜೊತೆಗೆ ಮಕ್ಕಳು ಬಾಯಿ ಬಿಡದೆ ಚೌಕ ಒತ್ತಿ ಅಂಕ ಗಿಟ್ಟಿಸುವ ಕಲೆಯನ್ನು ಎರಡೇ ದಿನಕ್ಕೆ ಕಲಿಯುತ್ತಾರೆ. ಆ್ಯಪ್ ಇರಲಿ, ಬಾಯಿಪಾಠ ಒಪ್ಪಿಸಿದ ಮೇಲೆ ಹತ್ತು ನಿಮಿಷ.

ಅನುವಾದದ ಆ್ಯಪನ್ನು ಒಂಟಿ ಪದ ಹುಡುಕಲು ಮಾತ್ರ ನಂಬಿ. ಉತ್ತರ ಜಬರ್ ಜೇರ್ ಇಲ್ಲದೆ ಬರುತ್ತದೆ. ಕಾಫ್, ತಾ, ಬಾ ಮೂರೇ ಅಕ್ಷರ ಕಂಡರೆ ಅದು ಕತಬ (ಬರೆದನು), ಕುತಿಬ (ಬರೆಯಲಾಯಿತು), ಕುತುಬ್ (ಪುಸ್ತಕಗಳು) ಯಾವುದೂ ಆಗಬಹುದು. ಮೊಬೈಲಿನ ನಿಜವಾದ ಉಪಯೋಗ ಅರಬಿ ಕೀಬೋರ್ಡಿನ ಮೈಕಿನಲ್ಲಿದೆ. ಮಗು ‘ಹೃದಯ’ ಎಂದು ಹೇಳಲು ಹೋಗಿ ಪರದೆಯ ಮೇಲೆ ನಾಯಿ ಬಂದರೆ ನೀವು ತಿದ್ದುವ ಅಗತ್ಯವೇ ಇಲ್ಲ, ನಕ್ಕು ತಾನೇ ಮತ್ತೆ ಹೇಳುತ್ತದೆ. ಮೂರು ಸಲ ಹೇಳಿಸಿ, ಯಂತ್ರವೂ ಕೆಲವೊಮ್ಮೆ ಊಹೆ ಮಾಡುತ್ತದೆ.

ಅಡುಗೆಮನೆ, ಕಚೇರಿ

ಮಗರಿಬ್ (ಸಂಜೆಯ ನಮಾಜು) ಆದಮೇಲೆ 20 ನಿಮಿಷ: ಐದು ನಿಮಿಷ ಹಿಂದಿನದರ ದೌರ್ (ಮತ್ತೆ ಓದುವುದು), ಹತ್ತು ನಿಮಿಷ ಹೊಸ ಸಬಕ್ (ಪಾಠ), ಐದು ನಿಮಿಷ ಬರವಣಿಗೆ. ದಿನಕ್ಕೆ ಐದು ಪದಕ್ಕಿಂತ ಹೆಚ್ಚು ಬೇಡ. ಆರು ವರ್ಷದೊಳಗಿನವರನ್ನು ಪುಸ್ತಕಕ್ಕೆ ಕೂರಿಸಬೇಡಿ, ಅವರಿಗೆ ಅಪ್ಪಣೆಗಳೇ ಪಾಠ. ಇಲ್ಲಿ ಕನ್ನಡಕ್ಕಿಲ್ಲದ ಒಂದು ತೊಡಕಿದೆ: ನಾವು ಮಗನಿಗೂ ಮಗಳಿಗೂ ‘ಬಾ’, ‘ಕುಂದ್ರು’, ‘ತಗೋ’ ಎನ್ನುತ್ತೇವೆ. ಅರಬಿಯಲ್ಲಿ ಮಗನಿಗೆ ‘ತಆಲ’, ಮಗಳಿಗೆ ‘ತಆಲಯ್’, ‘ಇಜ್‌ಲಿಸ್’, ‘ಇಜ್‌ಲಿಸೀ’, ‘ಖುದ್’, ‘ಖುದೀ’. ಅಣ್ಣ ತಂಗಿ ಇಬ್ಬರೂ ಇರುವ ಮನೆಯಲ್ಲಿ ಊಟಕ್ಕೆ ಕರೆಯುವಾಗಲೇ ಇದು ರೂಢಿಯಾಗುತ್ತದೆ. ಮಿಲ್‌ಹ್ ಉಪ್ಪು, ಮಾ ನೀರು, ಬಸಲ್ ಉಳ್ಳಾಗಡ್ಡಿ, ಖುಬ್‌ಜ್ ರೊಟ್ಟಿ, ಇನಬ್ ದ್ರಾಕ್ಷಿ, ಜಬೀಬ್ ಒಣದ್ರಾಕ್ಷಿ, ನಮ್ಮ ಇಂಡಿ ತಾಲೂಕಿನ ಲಿಂಬಿಗೆ ಲೈಮೂನ್. ಡಬ್ಬಿಗಳ ಮೇಲೆ ಅರಬಿ ಲಿಪಿಯಲ್ಲಿ ಚೀಟಿ ಅಂಟಿಸಿ, ಜಬರ್ ಜೇರ್ ಸಮೇತ. ತಿಂಗಳಿಗೊಮ್ಮೆ ಚೀಟಿ ಅದಲುಬದಲು ಮಾಡಿದರೆ ಯಾರು ಓದುತ್ತಾರೆ, ಯಾರು ಡಬ್ಬಿಯ ಜಾಗ ನೋಡಿ ಹೇಳುತ್ತಾರೆ ಎಂಬುದು ಗೊತ್ತಾಗುತ್ತದೆ.

ಮೂರಕ್ಷರದ ಧಾತು ಎಂಬ ಅರಬಿಯ ಬೆನ್ನೆಲುಬನ್ನು ಕಲಿಸಲು ತಹಶೀಲ್ದಾರ ಕಚೇರಿಯ ಕನ್ನಡ ಸಾಕು. ಮಹಸೂಲು, ಮಂಜೂರು, ಮಾಮೂಲು, ಹಳೆಯ ಕಾಗದಗಳ ಮಜಕೂರು ನಾಲ್ಕೂ ಅರಬಿಯ ಒಂದೇ ಅಚ್ಚಿನಲ್ಲಿ ಎರಕವಾದವು: ಆರಂಭದಲ್ಲಿ ‘ಮ’, ಕೊನೆಯ ಅಕ್ಷರದ ಮುಂಚೆ ‘ಊ’. ಏನೋ ಆದದ್ದು, ಮಾಡಲ್ಪಟ್ಟದ್ದು ಎಂಬರ್ಥ. ಮಹಸೂಲಿನ ಧಾತುವೇ ತಹಶೀಲಿನಲ್ಲಿದೆ, ಮಂಜೂರಿನದು ನಜರಿನಲ್ಲಿದೆ, ಮಾಮೂಲಿನದು ಅಮಲಿನಲ್ಲಿ. ಹಾಜರು, ಕಾಯಂ, ವಾರಸ, ಬಾಕಿ ಇನ್ನೊಂದು ಅಚ್ಚು: ಮೊದಲ ಅಕ್ಷರಕ್ಕೆ ದೀರ್ಘ, ಮಾಡುವವ ಅಥವಾ ಆಗಿರುವುದು ಎಂಬರ್ಥ. ‘ಗೈರುಹಾಜರು’ ಇಡಿಯಾಗಿ ಅರಬಿ. ಒಂದು ಭಾನುವಾರ ಉತಾರೆ, ನೋಟೀಸು, ಹಳೆಯ ಖರೀದಿ ಪತ್ರ ಮುಂದಿಟ್ಟುಕೊಂಡು ಇಂಥ ಪದ ಹುಡುಕಿಸಿ. ವ್ಯಾಕರಣ ಬೇಸರ ಎನ್ನುವ ಹೈಸ್ಕೂಲು ಮಕ್ಕಳೂ ಕೂರುತ್ತಾರೆ. ಅರ್ಥ ಮಾತ್ರ ನೋಡಿಕೊಳ್ಳಿ: ‘ತಕರಾರು’ ಮೂಲದಲ್ಲಿ ಜಗಳವಲ್ಲ, ಮತ್ತೆ ಮತ್ತೆ ಮಾಡುವುದು.

ಓದು ಬಂದ ಮಕ್ಕಳನ್ನು ವಿಜಯಪುರದ ಆದಿಲ್‌ಶಾಹಿ ಸಮಾಧಿ ಇಬ್ರಾಹಿಂ ರೋಜಾಕ್ಕೆ ಕರೆದೊಯ್ಯುವುದು ಇಲ್ಲಿನವರ ಸಹಜ ಆಸೆ. ಹೋಗಿ, ಆದರೆ ಮೊದಲೇ ಹೇಳಿರಿ: ಗೋಡೆಯ ಮೇಲಿನದು ಕಾಯ್ದಾದ ಅಕ್ಷರವಲ್ಲ. ಪದಗಳು ಒಂದರ ಮೇಲೊಂದು ಏರಿರುತ್ತವೆ, ಜಬರ್ ಜೇರ್ ನೆಚ್ಚಿಕೊಳ್ಳುವಂತಿಲ್ಲ, ಸಾಲು ಬಲದಿಂದ ಎಡಕ್ಕಷ್ಟೇ ಅಲ್ಲ, ಕೆಳಗಿನಿಂದ ಮೇಲಕ್ಕೂ ಹೋಗುತ್ತದೆ. ವಾಕ್ಯ ಓದಿಸಲು ಹೋಗಬೇಡಿ. ನೆಟ್ಟಗೆ ನಿಂತ ಅಲಿಫ್, ಲಾಮ್‌ಗಳನ್ನು ಹುಡುಕಲಿ, ಅವೆರಡು ಒಟ್ಟಿಗೆ ಸಿಕ್ಕ ಕಡೆ ಹೆಚ್ಚಾಗಿ ‘ಅಲ್’ ಇರುತ್ತದೆ, ‘ಅಲ್’ ಸಿಕ್ಕ ಕಡೆ ಒಂದು ಪದ ಶುರುವಾಗುತ್ತದೆ. ಕಿಟಕಿಗಳ ಜಾಲಿಯೂ ಕಲ್ಲಿನ ಅಕ್ಷರಗಳದ್ದೇ. ಅಕ್ಷರಗಳ ಸಂದಿನಿಂದ ಬೆಳಕು ಒಳಗೆ ಬೀಳುತ್ತದೆ. ಹೊರಗಿನಿಂದ ಒಮ್ಮೆ, ಒಳಗಿನಿಂದ ಒಮ್ಮೆ ನೋಡಲಿ. ಒಳಗಿನಿಂದ ಅದೇ ಲಾಮ್ ಯಾವ ಕಡೆ ತಿರುಗಿದೆ ಎಂದು ಕೇಳಿ.